ಹತ್ತನೇ ಕ್ಲಾಸು ಮತ್ತು ಒಂದು ಸಹಿ

ಕಳೆದ ಮಳೆಗಾಲದ ಒಂದು ಸಂಜೆ. ದೋಸೆಹಿಟ್ಟು ರುಬ್ಬಿಟ್ಟು ಕೈ ತೊಳೆಯುತ್ತಿದ್ದೆ. ಶಾಲೆಯಿಂದ ಬಂದ ಮಗಳು ಒದ್ದೆ ಬ್ಯಾಗಿನಿಂದ ಹಾಳೆಯೊಂದನ್ನು ತೆಗೆದು ಮುಂದೆ ಹಿಡಿದಳು.

"ಅಮ್ಮಾ, ಇಲ್ಲೊಂದು ಸಹಿ ಹಾಕು. ತಾಲ್ಲೂಕು ಮಟ್ಟದ ಖೋ ಖೋಗೆ ನನ್ನನ್ನು ಆರಿಸಿದಾರೆ."

ಹಾಳೆಯತ್ತ ನೋಡದೆಯೇ ಹೇಳಿಬಿಟ್ಟೆ: "ಹತ್ತನೇ ಕ್ಲಾಸು ಕಣೇ. ಈ ಒಂದು ವರ್ಷ ಇದೆಲ್ಲ ಬೇಡ. ಕಾಲೇಜಿಗೆ ಹೋದ ಮೇಲೆ ಎಷ್ಟು ಬೇಕಾದರೂ ಆಡುವೆಯಂತೆ."

ಅವಳು ಮಾತಾಡಲಿಲ್ಲ. ಹಾಳೆಯನ್ನು ಫ್ರಿಜ್ಜಿನ ಮೇಲಿಟ್ಟು ಒಳಗೆ ಹೋದಳು. ನನಗೇ ಅದೇನೋ ಕಸಿವಿಸಿ. ಆ ಮಾತು ನನ್ನದಲ್ಲ; ಮೂವತ್ತು ವರ್ಷಗಳ ಹಿಂದೆ ಅಪ್ಪ ನನಗೆ ಹೇಳಿದ್ದು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1994ರಲ್ಲಿ, ಸಾಗರದ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ. ಒಂಬತ್ತನೇ ಕ್ಲಾಸಿನ ತನಕ ಚರ್ಚಾಸ್ಪರ್ಧೆ ಬಂತೆಂದರೆ ಮೇಷ್ಟ್ರು ನನ್ನ ಹೆಸರನ್ನೇ ಮೊದಲು ಬರೆಯುತ್ತಿದ್ದರು. ಪರವಾಗಿ ನಾನೇ, ವಿರೋಧವಾಗಿ ಯಾರೂ ಸಿಗದಿದ್ದರೆ ಅದಕ್ಕೂ ನಾನೇ! ಹತ್ತಕ್ಕೆ ಬಂದದ್ದೇ ಅಪ್ಪ ಅದನ್ನೆಲ್ಲ ಬಿಡಿಸಿದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಓದು, ಸಂಜೆ ದೀಪ ಹಚ್ಚಿದರೆ ಓದು. ಫಲವೂ ಸಿಕ್ಕಿತೆನ್ನಿ. ಶಾಲೆಗೇ ಮೊದಲಿಗಳಾದೆ. ಪಿಯುಸಿಗೆ ವಿಜ್ಞಾನ ತೆಗೆದುಕೊಂಡು ಪೇಟೆಯ ಕಾಲೇಜು ಸೇರಿದೆ.

ಮೊದಲ ವಾರವೇ ಭೌತಶಾಸ್ತ್ರದ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ, ಇನರ್ಶಿಯಾ ಎಂದರೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಜಡತ್ವ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಇದು ಅದೇ ಎಂದು ತಿಳಿಯಲಿಲ್ಲ. "ಇಷ್ಟೂ ಗೊತ್ತಿಲ್ಲದೆ ಸೈನ್ಸಿಗೆ ಬಂದೆಯಾ?" ಎಂದರು. ಹಿಂದಿನ ಬೆಂಚಿನವರು ನಕ್ಕರು. "ಸರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಬಹುದಿತ್ತು. ಎಷ್ಟೋ ವೇದಿಕೆ ಹತ್ತಿದ್ದ ಹುಡುಗಿಗೆ ಅಷ್ಟು ಕೇಳಲು ಬಾಯಿ ಬರಲಿಲ್ಲ. ಅವತ್ತು ಕುಳಿತವಳು ವರ್ಷವಿಡೀ ಹಾಗೇ ಕುಳಿತಿದ್ದೆ. ಜಡತ್ವಕ್ಕೆ ಇನ್ನೆಂಥ ಉದಾಹರಣೆ ಬೇಕು ಹೇಳಿ?

ವರ್ಷದ ಕೊನೆಗೆ ಭೌತಶಾಸ್ತ್ರ, ಗಣಿತ ಎರಡರಲ್ಲೂ ಫೇಲು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಆಮೇಲೆ ಕಲಾ ವಿಭಾಗ, ಬಿ.ಎ., ಮದುವೆ. ಬದುಕೇನೂ ಕೆಟ್ಟಿಲ್ಲ. ಆದರೂ ರಕ್ತಪರೀಕ್ಷೆಗೆಂದು ಲ್ಯಾಬಿಗೆ ಹೋದಾಗ, ಅಲ್ಲಿನ ಹುಡುಗಿಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನಿಂತಿರುವುದನ್ನು ಸುಮ್ಮನೆ ನೋಡುತ್ತ ಕೂರುತ್ತೇನೆ.

ಮಗಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದಾಗ ನಮ್ಮಕ್ಕ, "ನೀನು ಪಟ್ಟದ್ದು ಸಾಲದೇನೇ?" ಎಂದು ಗದರಿದ್ದಳು. ಒಂದರಿಂದ ಹತ್ತರ ತನಕ ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 5 ಸೀಟು ಮೀಸಲಿದೆ ಎಂದು ಅವಳ ಬಾಯಿ ಮುಚ್ಚಿಸಿದೆ. ಆದರೆ ಸೀಟು ಸಿಕ್ಕರಾಯಿತೇ? ಕ್ಲಾಸಿನಲ್ಲಿ ಕೂತಾಗ ಪಾಠ ತಲೆಗೆ ಹೋಗಬೇಕಲ್ಲ! ಅದಕ್ಕೇ ಎಂಟನೇ ಕ್ಲಾಸಿನಿಂದ ನಾವಿಬ್ಬರೂ ಒಂದು ನೋಟುಬುಕ್ಕು ಇಟ್ಟಿದ್ದೇವೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು. ವಾರಕ್ಕೆ ಹತ್ತು ಪದ. ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್, ವೇಗೋತ್ಕರ್ಷಕ್ಕೆ ಆಕ್ಸಿಲರೇಶನ್. ಮಸೂರಕ್ಕೆ ಲೆನ್ಸ್ ಎಂದು ಬರೆದ ದಿನ ನಿಘಂಟು ನೋಡಿದರೆ, ಲ್ಯಾಟಿನ್ನಿನಲ್ಲಿ ಲೆನ್ಸ್ ಎಂದರೂ ಮಸೂರ ಬೇಳೆಯ ಕಾಳೇ ಅಂತೆ! ಡಬ್ಬಿಯಿಂದ ನಾಲ್ಕು ಇಡೀ ಕಾಳು ತೆಗೆದು ಅಂಗೈಯಲ್ಲಿಟ್ಟು ನೋಡಿದೆವು. ಎರಡೂ ಕಡೆ ಉಬ್ಬು, ಥೇಟ್ ಪೀನಮಸೂರ. ಆ ಪದವನ್ನು ಇನ್ನು ಅವಳೂ ಮರೆಯಲಾರಳು, ನಾನೂ ಮರೆಯಲಾರೆ.

ಇಷ್ಟೆಲ್ಲ ಮಾಡುತ್ತಿರುವ ಅಮ್ಮ ನಾನು ಎಂಬ ಜಂಬದಲ್ಲೇ ಇದ್ದೆ. ಆ ರಾತ್ರಿ ಹಾಲಿಗೆ ಹೆಪ್ಪು ಹಾಕುವಾಗ ಫ್ರಿಜ್ಜಿನ ಮೇಲಿನ ಹಾಳೆ ಮತ್ತೆ ಕಣ್ಣಿಗೆ ಬಿತ್ತು. ನೋಟುಬುಕ್ಕಿನಿಂದ ಪದಗಳೇನೋ ಬಂದಾವು. ನಾಲ್ಕು ಜನರ ನಡುವೆ ಎದ್ದುನಿಂತು ಬಾಯಿಬಿಡುವುದು ಯಾವ ನೋಟುಬುಕ್ಕಿನಿಂದ ಬರುತ್ತದೆ? ನನಗದು ಚರ್ಚಾಸ್ಪರ್ಧೆಯಿಂದ ಬಂದಿತ್ತು. ಬೇಕಾದ ಹೊತ್ತಿಗೆ ಸರಿಯಾಗಿ ಅಭ್ಯಾಸ ತಪ್ಪಿಹೋಗಿತ್ತು. ಈಗ ಎಸ್ಸೆಸ್ಸೆಲ್ಸಿಯಲ್ಲೇ ವಿಜ್ಞಾನ, ಗಣಿತದಂಥ ವಿಷಯಗಳಿಗೆ ನೂರರಲ್ಲಿ 80 ಅಂಕ ಮಾತ್ರ ಬರೆಯುವ ಪರೀಕ್ಷೆಗೆ. ಉಳಿದ 20 ವರ್ಷವಿಡೀ ಮಾಡುವ ಚಟುವಟಿಕೆ, ಕಿರುಪರೀಕ್ಷೆಗಳಿಗೆ. ಖೋ ಖೋಗೆ ಅದರಲ್ಲಿ ಅಂಕವಿದೆ ಎಂದಲ್ಲ. ಮೂರು ಗಂಟೆಯ ಪರೀಕ್ಷೆಯೊಂದನ್ನೇ ಪರೀಕ್ಷೆಯವರೂ ನಂಬುತ್ತಿಲ್ಲ, ನಾನೇಕೆ ನಂಬಿ ಕೂತೆ ಎನ್ನಿಸಿತು. ಮೇಲಾಗಿ, ಬಾಯಿಬಿಟ್ಟು "ಖೋ" ಎನ್ನದೆ ಆಡಲಾಗದ ಆಟ ಅದು!

ಸಹಿ ಹಾಕಿದೆ.

ಎರಡನೇ ಸುತ್ತಿನಲ್ಲೇ ಸೋತು ಬಂದರು. ಮಂಡಿ ತರಚಿತ್ತು. ಎಣ್ಣೆ ಹಚ್ಚುತ್ತಿದ್ದಾಗ ಹೇಳಿದಳು: "ನಂದು ಫೌಲ್ ಅಂದುಬಿಟ್ರಮ್ಮ. ನಾನೇ ಅಂಪೈರ್ ಹತ್ರ ಹೋಗಿ, ಹೇಗೆ ಫೌಲಾಯ್ತು ಸರ್ ಅಂತ ಕೇಳ್ದೆ."

"ಏನಂದರು?"

"ವಿವರಿಸಿ ಹೇಳಿದ್ರು. ಫೌಲೇ ಆಗಿತ್ತು."

ಹೇಳಿ ನಕ್ಕಳು. ನಾನು ತಲೆ ತಗ್ಗಿಸಿ ಇನ್ನಷ್ಟು ಎಣ್ಣೆ ಹಚ್ಚಿದೆ.