ಪರದೆಯ ಮೇಲಿನ ಹಸಿರು ಸಾಲು

8 ಫೆಬ್ರವರಿ 2025, ಶನಿವಾರ, ಬನಹಟ್ಟಿ

ಅಣ್ಣನ ಮಗಳು ರಜೆಗೆ ಬಂದಿದ್ದಾಳೆ. ಹೊರರಾಜ್ಯದ ಒಂದು ಹಾರಾಟ ಶಾಲೆಯಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಕಲಿಯುತ್ತಿದ್ದಾಳೆ. ಬೇಕಾದ 200 ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಬಾಕಿ. ರಾತ್ರಿ ಊಟಕ್ಕೆ ಕೂತಾಗ ಹಾರಾಟ ಶಿಕ್ಷಕನಾದ ನನ್ನನ್ನು ಕೇಳಿದಳು: “ಕಾಕಾ, ಎಪಿ ಹಚ್ಚಿದ್ದೆ, ಎತ್ತರಾನೂ ಕೊಟ್ಟಿದ್ದೆ. ಆದ್ರೂ ವಿಮಾನ ತನ್ನಷ್ಟಕ್ಕ ತಾ ಮ್ಯಾಲ ಹೊಂಟಿತ್ತು. ಮಷೀನ್ ಕೆಟ್ಟಿತ್ತೇನ್ರಿ?”

ಕೆದಕಿ ಕೇಳಿದ ಮೇಲೆ ನಡೆದದ್ದು ಗೊತ್ತಾಯಿತು. ಸೆಸ್ನಾ 172, ಗಾರ್ಮಿನ್ ಜಿ1000 ಪರದೆ, ಜಿಎಫ್‌ಸಿ 700 ಆಟೊಪೈಲಟ್ (ಅವಳು ಹೇಳಿದ ಎಪಿ). 5,500 ಅಡಿಗೆ ಏರುತ್ತಿದ್ದಳು. ಆ ಎತ್ತರ ಹತ್ತಿರವಾಗುತ್ತಲೇ ಆಟೊಪೈಲಟ್ ಮೂಗನ್ನು ನಿಧಾನಕ್ಕೆ ಇಳಿಸತೊಡಗಿತ್ತು. ಅದೇ ಹೊತ್ತಿಗೆ ಪಕ್ಕದಲ್ಲಿದ್ದ ಶಿಕ್ಷಕರು 5,000ಕ್ಕೇ ಇರು ಅಂದರು. ಇವಳು ಎತ್ತರದ ನಾಬನ್ನು 5,000ಕ್ಕೆ ತಿರುಗಿಸಿ ನಕ್ಷೆಯ ಕಡೆ ಕಣ್ಣು ಹಾಯಿಸಿದಳು. ವಿಮಾನ ಏರುತ್ತಲೇ ಹೋಯಿತು.

ಮಷೀನ್ ಕೆಟ್ಟಿರಲಿಲ್ಲ. ಆಯ್ದ ಎತ್ತರವನ್ನು ಹಿಡಿಯುತ್ತಿರುವ ಹಂತದಲ್ಲಿ ಆ ನಾಬನ್ನು ತಿರುಗಿಸಿದರೆ ಈ ಆಟೊಪೈಲಟ್ ಹಿಡಿಯುವ ಕೆಲಸ ಬಿಟ್ಟು ಪಿಚ್ ಹೋಲ್ಡ್‌ಗೆ ಮರಳುತ್ತದೆ. ಆ ಕ್ಷಣದಲ್ಲಿ ಮೂಗು ಎಷ್ಟು ಎತ್ತಿದೆಯೋ ಅಷ್ಟನ್ನೇ ಕಾಯ್ದುಕೊಂಡು ಹೋಗುತ್ತದೆ. ಇವಳ ವಿಮಾನದ ಮೂಗು ಇನ್ನೂ ಮೇಲಿತ್ತು. ಹೊಸ ಎತ್ತರ ಕೆಳಗಿದೆ ಎಂಬುದು ಪರದೆಯಲ್ಲಿ ದಾಖಲಾಗಿತ್ತು, ಆದರೆ ಇಳಿ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ಪರದೆ ಮ್ಯಾಲಿನ ಸಾಲಿನಾಗ ಏನ್ ಬರದಿತ್ತು?” ಎಂದು ಕೇಳಿದೆ. ನೋಡಿರಲಿಲ್ಲವಂತೆ. ನೋಡು ಎಂದು ಯಾರೂ ಒತ್ತಿ ಹೇಳಿಲ್ಲವಂತೆ. ಇದು ಅವಳೊಬ್ಬಳ ಮಾತಲ್ಲ. ಗುಂಡಿ ಎಲ್ಲಿದೆ, ಯಾವಾಗ ಒತ್ತಬೇಕು ಎಂಬುದನ್ನು ಎಲ್ಲ ಕಡೆ ಕಲಿಸುತ್ತಾರೆ. ಒತ್ತಿದ ಮೇಲೆ ಯಂತ್ರ ಏನನ್ನು ಒಪ್ಪಿಕೊಂಡಿತು ಎಂದು ಓದುವುದನ್ನು ಕಲಿಸುವುದು ಕಡಿಮೆ.

10 ಫೆಬ್ರವರಿ, ಸೋಮವಾರ, ಜಮಖಂಡಿ

ಜಿ1000 ಪರದೆಯ ಚಿತ್ರವನ್ನು ದೊಡ್ಡದಾಗಿ ಬಣ್ಣದಲ್ಲಿ ಮುದ್ರಿಸಿಕೊಳ್ಳಲು ಜಮಖಂಡಿಗೆ ಬಂದೆವು. ಝೆರಾಕ್ಸ್ ಅಂಗಡಿಯ ಹುಡುಗ ಅದನ್ನು ಯಾವುದೋ ಗೇಮ್ ಅಂದುಕೊಂಡಿದ್ದ. ವಿಮಾನದ್ದು ಎಂದು ತಿಳಿದ ಮೇಲೆ ಒಂದು ಪ್ರತಿ ತನಗೂ ತೆಗೆದುಕೊಂಡ.

ಅಲ್ಲೇ ಬೆಂಚಿನ ಮೇಲೆ ಕೂತು ಪಾಠ ಶುರು ಮಾಡಿದೆ. ಪರದೆಯ ತಲೆಯ ಮೇಲಿನ ಸಣ್ಣ ಪಟ್ಟಿಯಲ್ಲಿ ಎಡಕ್ಕೆ ವಿಮಾನ ಯಾವ ದಿಕ್ಕಿನ ಆಜ್ಞೆ ಪಾಲಿಸುತ್ತಿದೆ ಎಂದಿರುತ್ತದೆ, ನಡುವೆ ಎಪಿ ಇದೆಯೋ ಇಲ್ಲವೋ ಎಂದು, ಬಲಕ್ಕೆ ಏರಿಳಿತದ ಆಜ್ಞೆ ಯಾವುದು ಎಂದು. ಹಸಿರು ಅಕ್ಷರ ಈಗ ನಡೆಯುತ್ತಿರುವುದು. ಬಿಳಿ ಅಕ್ಷರ ಮುಂದೆ ನಡೆಯಲು ಕಾದಿರುವುದು. ಇಷ್ಟೇ. ಆದರೆ ಇಡೀ ಕಾಕ್‌ಪಿಟ್ಟಿನಲ್ಲಿ ಯಂತ್ರ ತಾನೇನು ಮಾಡುತ್ತಿದ್ದೇನೆಂದು ಸ್ಪಷ್ಟವಾಗಿ ಹೇಳುವ ಜಾಗ ಅದೊಂದೇ. ಒತ್ತಿದ ಗುಂಡಿ ಸಾಕ್ಷಿಯಾಗುವುದಿಲ್ಲ, ಆ ಸಾಲು ಸಾಕ್ಷಿ.

ನಾನು ಒಂದೊಂದು ಸಂದರ್ಭ ಹೇಳುವುದು, ಅವಳು ಸಾಲನ್ನು ಬಾಯಿಬಿಟ್ಟು ಹೇಳುವುದು. ಏನೂ ಆರಿಸದೆ ಬರೀ ಎಪಿ ಒತ್ತಿದರೆ? “ರೋಲ್, ಎಪಿ, ಪಿಚ್.” ಅಂದರೆ ವಿಮಾನ ನಿನ್ನ ದಾರಿಗೆ ಹೋಗುತ್ತಿಲ್ಲ, ರೆಕ್ಕೆಯನ್ನೂ ಮೂಗನ್ನೂ ಇದ್ದಂತೆ ಹಿಡಿದಿದೆ, ಅಷ್ಟೇ. ದಾರಿ ಹಿಡಿಯುವ ನ್ಯಾವ್ ಗುಂಡಿ ಒತ್ತಿದರೆ? ತುಸು ತಡೆದು, “ಜಿಪಿಎಸ್” ಅಂದಳು. ಸೂಜಿ ಜಿಪಿಎಸ್ಸಿಗೆ ಇದ್ದರೆ ಜಿಪಿಎಸ್, ನೆಲದ ರೇಡಿಯೊ ಕೇಂದ್ರವಾದ ವಿಓಆರ್‌ಗೆ ಇದ್ದರೆ ವಿಓಆರ್. ಗುಂಡಿ ಒಂದೇ, ಅರ್ಥ ಎರಡು. ಅದನ್ನೂ ಸಾಲೇ ಹೇಳಬೇಕು.

ಸಣ್ಣ ವಿಮಾನದ ಕಷ್ಟ ಇಲ್ಲೇ ಇದೆ. ದೊಡ್ಡ ವಿಮಾನದಲ್ಲಿ ಒಬ್ಬರು ನಾಬ್ ತಿರುಗಿಸಿದರೆ ಇನ್ನೊಬ್ಬರು ನೋಡಿ ಖಚಿತಪಡಿಸುತ್ತಾರೆ. 172ರಲ್ಲಿ ಒಂಟಿಯಾಗಿ ಹಾರುವವಳಿಗೆ ಪಕ್ಕದ ಸೀಟು ಖಾಲಿ. ಅವಳ ಧ್ವನಿಯೇ ಎರಡನೇ ಪೈಲಟ್ ಆಗಬೇಕು. ಅದಕ್ಕೇ ಬಾಯಿಬಿಟ್ಟು ಹೇಳು ಎನ್ನುವುದು. ಮನಸ್ಸಿನಲ್ಲಿ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ.

11 ಫೆಬ್ರವರಿ, ಮಂಗಳವಾರ, ಮುಧೋಳ

ಬೆಳಗಾವಿಯಿಂದ ಕಲಬುರಗಿಗೆ ನೇರ ಗೆರೆ ಎಳೆದರೆ ಸುಮಾರು 160 ನಾಟಿಕಲ್ ಮೈಲು. ಆ ಗೆರೆ ಮುಧೋಳವನ್ನು ಎಡಗಡೆ ಹತ್ತಿರದಲ್ಲೇ ಬಿಟ್ಟು, ಗಲಗಲಿಯ ಆಸುಪಾಸಿನಲ್ಲಿ ಕೃಷ್ಣೆ ದಾಟಿ ಈಶಾನ್ಯಕ್ಕೆ ಹೋಗುತ್ತದೆ. ಪರದೆಯ ಮೇಲೆ ಅದೊಂದು ನೇರಳೆ ಗೆರೆ. ನ್ಯಾವಿಗೇಷನ್ ಹಾರಾಟದ ಹುಡುಗರು ಅದನ್ನೇ ನೋಡುತ್ತ ನಮ್ಮ ಸೀಮೆಯನ್ನೆಲ್ಲ ದಾಟಿಬಿಡುತ್ತಾರೆ. ಘಟಪ್ರಭೆ ಎಲ್ಲಿ ಹೋಯಿತು ಎಂದು ಕೇಳಿದರೆ ಪರದೆಯ ಮೇಲೆ ಬೆರಳಿಡುತ್ತಾರೆ.

ಇವತ್ತು ಅವಳನ್ನು ಘಟಪ್ರಭೆಯ ದಂಡೆಗುಂಟ ಹೊಲಗಳಲ್ಲಿ ಓಡಾಡಿಸಿದೆ. ಮೇಲಿನಿಂದ ಎಲ್ಲವೂ ಒಂದೇ ಹಸಿರು. ಕೆಳಗೆ ನಿಂತಾಗ ತಿಳಿಯುತ್ತದೆ: ಆಳೆತ್ತರಕ್ಕೂ ಮೀರಿ ನಿಂತ ಕಬ್ಬಿನಲ್ಲಿ ವಿಮಾನ ಇಳಿಸುವಂತಿಲ್ಲ, ನೀರುಂಡ ಎರೆಮಣ್ಣಿನಲ್ಲಿ ಮುಂದಿನ ಚಕ್ರ ಹೂತು ಮಗುಚುತ್ತದೆ, ಈ ತಿಂಗಳು ಕಟಾವಾದ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಸಬಹುದು. ಟ್ರ್ಯಾಕ್ಟರ್ ಓಡಾಡಿದ ಜಾಡು ಮೇಲಿನಿಂದ ಕಾಣುತ್ತದೆ, ಅದನ್ನು ನೋಡಲು ಕಲಿಯಬೇಕು. ಕಬ್ಬು ಕಡಿಯುತ್ತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿಸಿಕೊಂಡು, “ಇಲ್ಲಿ ಇಳಿಸಬ್ಯಾಡವಾ, ಕೆಳಗ ಪೈಪ್‌ಲೈನ್ ತೆಗ್ಗು ಐತಿ” ಎಂದು ತೋರಿಸಿದರು.

2023ರ ಮೇ 30ರಂದು ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನವೊಂದು ಬೆಳಗಾವಿ ಹತ್ತಿರದ ಹೊನ್ನಿಹಾಳದ ಬಳಿ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಉಳಿದರು. ಅಂಥ ಹೊತ್ತು ಆಟೊಪೈಲಟ್ ಹಚ್ಚಿಕೊಂಡಿರುವಾಗ ಬಂದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ಬಿಡಿಸಿ ಹೇಳಿದೆ. ಎತ್ತರ ಕಾಯುವ ಆಜ್ಞೆಯಲ್ಲಿರುವ ಯಂತ್ರಕ್ಕೆ ಎಂಜಿನ್ ನಿಂತದ್ದು ತಿಳಿಯುವುದಿಲ್ಲ. ಎತ್ತರ ಇಳಿಯುತ್ತಿದೆ ಎಂದಷ್ಟೇ ಗೊತ್ತು. ಮೂಗನ್ನು ಎತ್ತುತ್ತದೆ, ಟ್ರಿಮ್ ತಿರುಗಿಸುತ್ತದೆ, ಮತ್ತೆ ಎತ್ತುತ್ತದೆ. ಎತ್ತರ ಉಳಿದಂತೆ ಕಾಣುತ್ತದೆ, ವೇಗ ಸೋರಿಹೋಗುತ್ತದೆ, ಕೊನೆಗೆ ಸ್ಟಾಲ್, ರೆಕ್ಕೆ ವಿಮಾನವನ್ನು ಹೊರುವುದನ್ನೇ ಬಿಡುತ್ತದೆ. 172ಎಸ್ ತೇಲಿ ಇಳಿಯಲು ಬೇಕಾದ ವೇಗ 68 ನಾಟ್. ಆದ್ದರಿಂದ ಎಂಜಿನ್ ಸದ್ದು ಬದಲಾದೊಡನೆ ಮೊದಲ ಕೆಲಸ ಹೆಬ್ಬೆರಳಿನದು: ಯೋಕ್ ಮೇಲಿನ ಕೆಂಪು ಗುಂಡಿ ಒತ್ತಿ ಆಟೊಪೈಲಟ್ ಕಳಚುವುದು. ಆಮೇಲೆ ಮೂಗು, ಆಮೇಲೆ ಹೊಲ.

12 ಫೆಬ್ರವರಿ, ಬುಧವಾರ, ಬನಹಟ್ಟಿ

ಸಂಜೆ ಮಗ್ಗದ ಮನೆಯಲ್ಲಿ ಅಪ್ಪನ ಜೊತೆ ಕೂತಿದ್ದೆ. ಪವರ್‌ಲೂಮಿನಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತದೆ. ಲಾಳಿಗೆ ಬೇರೆ ಬಣ್ಣದ ಕಂಡಿಕೆ ಹಾಕಿದರೆ ನಿಲ್ಲುವುದಿಲ್ಲ, ತಪ್ಪು ಸೀರೆಯನ್ನೇ ಅಚ್ಚುಕಟ್ಟಾಗಿ ನೇಯುತ್ತದೆ. ಆಟೊಪೈಲಟ್ಟಿನ ಗುಣವೂ ಇದೇ. ತನ್ನೊಳಗೆ ಕೆಟ್ಟರೆ ಕೂಗಿ ಕಳಚಿಕೊಳ್ಳುತ್ತದೆ. ಕೊಟ್ಟ ಆಜ್ಞೆ ತಪ್ಪಿದ್ದರೆ ಒಂದು ಸದ್ದೂ ಮಾಡದೆ ಚೊಕ್ಕವಾಗಿ ನಡೆಸಿಕೊಡುತ್ತದೆ.

13 ಫೆಬ್ರವರಿ, ಗುರುವಾರ, ಬೀಳಗಿ

ಅಕ್ಕನ ಮನೆ. ಭಾವನವರು ಊಟ ಬಡಿಸುವ ಹೊತ್ತಿಗೇ ಕೇಳಿದರು: “ಎಲ್ಲಾ ಮಷೀನೇ ಮಾಡಿದ್ರ ಹಾರಸಾವ್ರು ಯಾಕ್ರಿ ಬೇಕು?” ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಹೊರತಂದ ಅಧ್ಯಯನದ ಮಾತು ಹೇಳಿದೆ. 2002ರಿಂದ 2006ರವರೆಗೆ ತಯಾರಾದ ಸಣ್ಣ ಪಿಸ್ಟನ್ ವಿಮಾನಗಳಲ್ಲಿ ಗಾಜಿನ ಪರದೆಯವನ್ನೂ ಹಳೆಯ ಮುಳ್ಳಿನ ಮೀಟರುಗಳವನ್ನೂ ಹೋಲಿಸಿದರು. ಪರದೆಯಿದ್ದವುಗಳಲ್ಲಿ ಒಟ್ಟು ಅಪಘಾತದ ಪ್ರಮಾಣ ಕಡಿಮೆ, ಸಾವು ತಂದ ಅಪಘಾತದ ಪ್ರಮಾಣ ಹೆಚ್ಚು. ಅವನ್ನು ದೂರದ ಪ್ರಯಾಣಕ್ಕೆ, ಕೆಟ್ಟ ಹವೆಗೆ ಹೆಚ್ಚು ಬಳಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ಪರದೆ ಕೂರಿಸಿದ ಮಾತ್ರಕ್ಕೆ ಸುರಕ್ಷತೆ ಬರಲಿಲ್ಲ, ಆಯಾ ಉಪಕರಣಕ್ಕೆ ತಕ್ಕ ತರಬೇತಿ ಬೇಕು ಎಂದೇ ಮಂಡಳಿ ಹೇಳಿತು.

ನಾನು ಯಂತ್ರದ ವಿರೋಧಿ ಅಲ್ಲ. ಒಂಟಿ ಪೈಲಟ್ಟಿಗೆ ರೇಡಿಯೊ ಮಾತು, ನಕ್ಷೆ, ಹವೆ ಮೂರೂ ಒಟ್ಟಿಗೆ ಬಂದಾಗ ಆಟೊಪೈಲಟ್ ಜೀವ ಉಳಿಸುತ್ತದೆ. ಗೊತ್ತಿಲ್ಲದೆ ಮೋಡದೊಳಗೆ ಹೋದವರಿಗೆ ಅದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ಅದನ್ನು ಬಳಸಲು ಕಲಿಸದಿರುವುದೂ ಅಪಾಯವೇ.

ಮಧ್ಯಾಹ್ನ ಆಲಮಟ್ಟಿ ಹಿನ್ನೀರಿನ ಕಡೆ ಹೋದೆವು. 5,500 ಅಡಿಯಲ್ಲಿ ಹಾರಿದರೆ ಇಲ್ಲಿನ ನೆಲದಿಂದ ಸಿಗುವುದು ಸುಮಾರು 3,700 ಅಡಿ. ಎಂಜಿನ್ ಇಲ್ಲದ 172 ಗಾಳಿಯಿಲ್ಲದ ದಿನ ಅಲ್ಲಿಂದ ಐದು ಮೈಲು ಚಿಲ್ಲರೆ ತೇಲೀತು. ನೀರಿನ ಅಗಲ ನೋಡಿ ಅವಳು ತಾನೇ ಅಂದಳು: “ಗೆರಿ ಬಿಟ್ಟು ದಂಡಿಗುಂಟ ಹೋಗೂದ ಚಲೋ.” ನನಗೆ ಬಹಳ ಸಂತೋಷವಾಯಿತು.

ಬಿಸಿಲು ಏರಿತ್ತು. ಇಂಥ ಹೊತ್ತಿನಲ್ಲಿ ವಿಎಸ್ ಎಂಬ ಆಜ್ಞೆ ಮೋಸ ಮಾಡುತ್ತದೆ. ನಿಮಿಷಕ್ಕೆ 700 ಅಡಿ ಏರು ಎಂದು ಕೊಟ್ಟರೆ, ಕಾದ ತೆಳು ಗಾಳಿಯಲ್ಲಿ ಎಂಜಿನ್ನಿಗೆ ಆಗದಿದ್ದರೂ ಆಟೊಪೈಲಟ್ 700ಕ್ಕಾಗಿ ಮೂಗೆತ್ತುತ್ತಲೇ ಇರುತ್ತದೆ. ವೇಗದ ಚಿಂತೆ ಅದಕ್ಕಿಲ್ಲ. ಎಫ್‌ಎಲ್‌ಸಿ ಕೊಟ್ಟರೆ ವೇಗ ಕಾಯುತ್ತದೆ, ಏರಿಕೆ ಎಷ್ಟು ಬರುತ್ತದೋ ಅಷ್ಟು. 172ರಲ್ಲಿ ಥ್ರಾಟಲ್ ತಾನೇ ಆಡುವುದಿಲ್ಲ ಎಂಬುದನ್ನೂ ಮರೆಯಬಾರದು. ಮೂಗು ಯಂತ್ರದ ಕೈಯಲ್ಲಿ, ಶಕ್ತಿ ನಮ್ಮ ಕೈಯಲ್ಲಿ. ಇಬ್ಬರ ಮಾತು ಕೂಡದಿದ್ದರೆ ನಡುವೆ ಸಾಯುವುದು ವೇಗ.

14 ಫೆಬ್ರವರಿ, ಶುಕ್ರವಾರ, ಬನಹಟ್ಟಿ

ಇವತ್ತಿಗೆ 35 ವರ್ಷ. 1990ರ ಫೆಬ್ರವರಿ 14ರ ಮಧ್ಯಾಹ್ನ ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿದ್ದಿತು. ಒಳಗಿದ್ದವರು 146, ಸತ್ತವರು 92. ಹೊಚ್ಚ ಹೊಸ ಏರ್‌ಬಸ್ ಎ320, ಶುಭ್ರ ಆಕಾಶ, ಕೆಟ್ಟ ಯಂತ್ರವಿಲ್ಲ, ಇಬ್ಬರೂ ಅನುಭವಿಗಳು. ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು.

ಅದನ್ನು ಅವಳಿಗೆ ಬೆಳಗಿನಿಂದ ನಿಧಾನವಾಗಿ ಹೇಳಿದೆ. ಇಳಿಯುವಾಗ ವಿಮಾನ ಓಪನ್ ಡಿಸೆಂಟ್ ಎಂಬ ಆಜ್ಞೆಯಲ್ಲಿತ್ತು. ಅದರಲ್ಲಿ ಎಂಜಿನ್ ಕನಿಷ್ಠ ಶಕ್ತಿಯ ಐಡಲ್‌ನಲ್ಲೇ ಇರುತ್ತದೆ, ವೇಗವನ್ನು ಮೂಗಿನಿಂದ ಕಾಯಬೇಕು. ಪೈಲಟ್ಟುಗಳು ಎಂಜಿನ್ ತಾನೇ ವೇಗ ಕಾಯುತ್ತದೆ ಎಂಬ ನಂಬಿಕೆಯಲ್ಲಿ ಮೂಗನ್ನು ಎತ್ತಿ ಹಿಡಿದರು. ನಿಮಿಷಕ್ಕೆ 700 ಅಡಿ ಇಳಿಕೆ ಕೊಡುವ ಬದಲು 700 ಅಡಿ ಎತ್ತರವನ್ನು ಬೇರೆ ನಾಬಿನಲ್ಲಿ ಕೊಟ್ಟಿರಬಹುದು ಎಂಬುದು ತನಿಖೆಯಲ್ಲಿ ಬಂದ ಒಂದು ಸಾಧ್ಯತೆ. ಇಬ್ಬರ ಪರದೆಯಲ್ಲೂ ಆಜ್ಞೆ ತೋರಿಸುವ ಫ್ಲೈಟ್ ಡೈರೆಕ್ಟರುಗಳೆರಡೂ ಆಫ್ ಆಗಿದ್ದರೆ ಎಂಜಿನ್ ವೇಗ ಕಾಯುವ ಆಜ್ಞೆಗೆ ಮರಳುತ್ತಿತ್ತು. ಒಂದು ಆಫ್ ಆಯಿತು, ಇನ್ನೊಂದು ಉಳಿಯಿತು. 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿಯಿತು. ಥ್ರಾಟಲ್ ಮುಂದೆ ತಳ್ಳಿದಾಗ ಎಂಜಿನ್ ಎಚ್ಚೆತ್ತು ಶಕ್ತಿ ಕೊಡುವಷ್ಟು ಸಮಯ ಉಳಿದಿರಲಿಲ್ಲ. ಐಡಲ್‌ನಲ್ಲಿ ಇಳಿಯುತ್ತಿದ್ದೇವೆ ಎಂಬ ಮಾತು ಕಾಕ್‌ಪಿಟ್ಟಿನಲ್ಲಿ ಬಂದಿತ್ತು, ಆದರೆ ತಡವಾಗಿ ಬಂದಿತ್ತು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವ್ರ ಪರದೆ ಮ್ಯಾಲೂ ಬರದಿತ್ತೇನ್ರಿ?” ಅಂದಳು. ಬರೆದಿತ್ತು. ಅವರ ಮುಂದೆಯೇ ಇತ್ತು.

ಅಮೆರಿಕನ್ ಏರ್‌ಲೈನ್ಸ್‌ನ ಕ್ಯಾಪ್ಟನ್ ವಾರೆನ್ ವಾಂಡರ್‌ಬರ್ಗ್ 1997ರಲ್ಲಿ ತಮ್ಮ ಪೈಲಟ್ಟುಗಳಿಗೆ ಕೊಟ್ಟ ಉಪನ್ಯಾಸ ಇಂದಿಗೂ ಹಾರಾಟ ಶಾಲೆಗಳಲ್ಲಿ ಓಡುತ್ತದೆ. ಗೊಂದಲವಾದಾಗ ಇನ್ನೊಂದು ಗುಂಡಿ ಒತ್ತಬೇಡಿ, ಯಂತ್ರದ ಸಹಾಯವನ್ನು ಒಂದು ಮೆಟ್ಟಿಲು ಇಳಿಸಿ, ಬೇಕಾದರೆ ಪೂರ್ತಿ ಬಿಟ್ಟು ಕೈಯಲ್ಲಿ ಹಾರಿಸಿ ಎಂಬುದು ಅದರ ತಿರುಳು. ಕೈಯಲ್ಲಿ ಹಾರಿಸುವ ರೂಢಿ ಉಳಿದವರಿಗೆ ಮಾತ್ರ ಆ ಬಾಗಿಲು ತೆರೆದಿರುತ್ತದೆ.

ರಾತ್ರಿ ನಾನು ಕಲಿಸುವ ಹಾರಾಟ ಶಾಲೆಯ ಮುಖ್ಯ ಶಿಕ್ಷಕರಿಗೆ ಪತ್ರ ಬರೆದೆ. ಪ್ರತಿ ನ್ಯಾವಿಗೇಷನ್ ಹಾರಾಟದ ಒಂದು ಹಂತ ಆಟೊಪೈಲಟ್ ಇಲ್ಲದೆ, ನಕ್ಷೆ ತೊಡೆಯ ಮೇಲಿಟ್ಟುಕೊಂಡು ಆಗಲಿ. ಎತ್ತರ, ದಿಕ್ಕು, ಆಜ್ಞೆ ಯಾವುದು ಬದಲಾದರೂ ವಿದ್ಯಾರ್ಥಿ ಸಾಲನ್ನು ಜೋರಾಗಿ ಓದಲಿ, ಪಕ್ಕದಲ್ಲಿ ನಾವಿದ್ದರೂ ಇಲ್ಲದಿದ್ದರೂ. ಶಿಕ್ಷಕರು ಎತ್ತರ ಬದಲಿಸಲು ಹೇಳಿದರೆ ಆ ಬದಲಾವಣೆ ಪರದೆಯಲ್ಲಿ ಕಾಣುವವರೆಗೆ ತಾವೂ ಅಲ್ಲೇ ಕಣ್ಣಿಡಲಿ. ಈ ಓದು ಬಾಯಿಗೆ ಬಾರದ ವಿದ್ಯಾರ್ಥಿಯನ್ನು ನಾನು ಒಂಟಿ ಹಾರಾಟಕ್ಕೆ ಬಿಡುವುದಿಲ್ಲ, ಸಹಿ ಹಾಕುವುದಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೇನೆ.