ಮನೆ ವಿಳಾಸ ಊರಿಗೆಲ್ಲಾ ಯಾಕೆ?

ಡೊಮೈನ್ ಹೆಸರು ಕೊಳ್ಳುವಾಗ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಕೇಳ್ತಾರಲ್ಲ, ಅದೆಲ್ಲಾ ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿದ್ದೀರಾ? ಮುಂಚೆ 'ಹೂಈಸ್' ಅಂತ ಹುಡುಕಿದರೆ ಸಾಕು, ಯಾರಿಗೆ ಬೇಕಾದರೂ ಕಾಣಿಸ್ತಿತ್ತು. ಕನಕಪುರದ ನನ್ನ ಗೆಳತಿಯೊಬ್ಬಳು 2015ರಲ್ಲಿ ಡಾಟ್ ಕಾಮ್ ತಗೊಂಡ ವಾರದಲ್ಲೇ 'ವೆಬ್‌ಸೈಟ್ ಮಾಡಿಕೊಡ್ತೀವಿ ಮೇಡಂ' ಅಂತ ಫೋನ್ ಮೇಲೆ ಫೋನ್. ಅದಾದರೂ ಸರಿ, ಒಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅವಳ ಮನೆ ವಿಳಾಸ ಓದಿ ಹೇಳಿದ್ದ!

2018ರ ಮೇ ತಿಂಗಳಲ್ಲಿ ಯೂರೋಪಿನ ಜಿಡಿಪಿಆರ್ ಜಾರಿಯಾದ ಮೇಲೆ ಡಾಟ್ ಕಾಮ್‌ಗಳ ಖಾಸಗಿ ವಿವರ ಬಹುಪಾಲು ಮರೆಯಾಯಿತು. ಆದರೆ ಅದಕ್ಕೂ ಮೊದಲು ನಕಲಾಗಿ ಹೋದದ್ದು ಹೋದದ್ದೇ. ಹಳೇ ದಾಖಲೆ ಮಾರೋ ಕಂಪನಿಗಳೇ ಇವೆ.

ಡಾಟ್ ಇನ್ ಕತೆ ಬೇರೆ. ನಿಕ್ಸಿ ನಿಯಮದಲ್ಲಿ ಬೇರೆಯವರ ಹೆಸರಿನ ಮರೆಯಲ್ಲಿ ನೋಂದಾಯಿಸೋ ಹಾಗಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಮಾಡೋ ನಮ್ಮತ್ತೆಗೆ ಅದೇ ಬೇಕಂತೆ. ಮಾವ ಬೆಳಗಾಗೋ ಮೊದಲೇ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಡ್ತಾರೆ, ಮನೆಯಲ್ಲಿ ಅತ್ತೆ ಒಬ್ಬರೇ. ಮನೆ ವಿಳಾಸ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಸುಳ್ಳು ವಿಳಾಸ ಕೊಟ್ಟರೆ ಡೊಮೈನೇ ಕೈತಪ್ಪಬಹುದು. ಕೊನೆಗೆ ಪೇಟೆಯಲ್ಲಿರೋ ಅವರ ಅಂಗಡಿ ವಿಳಾಸ, ಹೊಸ ಸಿಮ್ಮು, ಬೇರೆ ಇಮೇಲ್ ಕೊಟ್ಟೆ. ಮೂರೂ ನಿಜ, ಮೂರೂ ಮನೆಯಿಂದ ದೂರ :)

ಅತ್ತೆಗೆ ಇನ್ನೊಂದು ಚಿಂತೆ. "ನನ್ನ ಹೆಸರೂ ಮುಚ್ಚಿಬಿಟ್ಟೆಯೇನೋ? ಬೊಂಬೆ ಮಾಡಿದ್ದು ನಾನು ಅಂತ ಗೊತ್ತಾಗೋದು ಬೇಡ್ವಾ?" ಅಂದರು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೀನಿ.