ಕಾಯಿ ಅಟ್ಟದ ಕೆಳಗೊಂದು ಕಲ್ಯಾಣ

ಬೆಂಗಳೂರಿನ ಹಲಸೂರು ಕೆರೆಗೂ ಇಂದಿರಾನಗರಕ್ಕೂ ನಡುವೆ ಇರುವ ಹಳೆಯ ವಸತಿಯೇ ಜೋಗುಪಾಳ್ಯ. ಒಂದು ಮಗ್ಗುಲಿಗೆ ದಂಡು ಪ್ರದೇಶ, ಮತ್ತೊಂದು ಮಗ್ಗುಲಿಗೆ ಅನಂತರ ಬಂದ ಅಗಲ ಬೀದಿಗಳ ಬಡಾವಣೆ. ಇವೆರಡರ ನಡುವೆ, ಎರಡು ಸ್ಕೂಟರುಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಗಲ್ಲಿಗಳು. 2011ರ ಅಕ್ಟೋಬರಿನಲ್ಲಿ ‘ನಮ್ಮ ಮೆಟ್ರೊ’ ಮೊಟ್ಟಮೊದಲು ಓಡಿದ್ದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ, ಅಂದರೆ ನಮ್ಮ ನೆರೆಯಲ್ಲಿಯೇ. ಇಂಥದೊಂದು ಗಲ್ಲಿಯ ತಿರುವಿನಲ್ಲಿ ನಮ್ಮ ಪುಟ್ಟ ಛಾಯಾಚಿತ್ರದ ಅಂಗಡಿಯಿದೆ. ನಾವು ಈ ಕಸುಬಿಗೆ ಬಂದಾಗ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ರೋಲುಗಳ ಕಾಲ. ಒಂದು ರೋಲಿಗೆ 12 ಚಿತ್ರ. ಮೂರು ರೋಲು ಮುಗಿದರೆ ಒಂದು ಮದುವೆ ಮುಗಿದಂತೆ. ಈಗ ನಮ್ಮ ಮಗನ ಕ್ಯಾಮೆರಾ ಒಂದು ಮುಂಜಾನೆಯಲ್ಲೇ ಸಾವಿರ ಚಿತ್ರಗಳನ್ನು ನುಂಗಿ, ಇನ್ನೂ ಹಸಿವು ಎನ್ನುತ್ತದೆ.

ಮದುವೆಗಳೂ ಬದಲಾದವು. ಕಲ್ಯಾಣ ಮಂಟಪದಲ್ಲಿ ಇಂದು ಮುಹೂರ್ತವನ್ನು ನಿಜವಾಗಿ ನಡೆಸುವವರು ಯಾರು ಎಂದು ಕೇಳಿದರೆ, ಸಂಕೋಚದಿಂದಲೇ ಹೇಳಬೇಕು, ನಮ್ಮಂಥ ಕ್ಯಾಮೆರಾದವರು. ‘ಸ್ವಲ್ಪ ಈ ಕಡೆ ತಿರುಗಿ’, ‘ಇನ್ನೊಮ್ಮೆ ಹಾರ ಹಾಕಿ’ ಎನ್ನುವ ನಮ್ಮ ಮಾತಿಗೆ ಅಯ್ಯನವರೂ ಕಾದು ನಿಲ್ಲುತ್ತಾರೆ. ಬಂಧುಗಳಿಗೆ ಕಾಣಿಸುವುದು ನಮ್ಮ ಬೆನ್ನು ಮಾತ್ರ. ಈ ಅಪರಾಧದಲ್ಲಿ ನಮ್ಮ ಪಾಲೂ ಇದೆ.

2025ರ ಆರಂಭದಲ್ಲಿ ನಮ್ಮ ಗಲ್ಲಿಯ ಒಂದು ಶರಣ ಕುಟುಂಬದವರು ಮೊಮ್ಮಗಳ ಮದುವೆಯ ಚಿತ್ರಗಳಿಗಾಗಿ ನಮ್ಮನ್ನು ಕೇಳಿದರು. ಎಲ್ಲಿ ಮಾಡುವುದೆಂಬುದೇ ಆ ಮನೆಯಲ್ಲಿ ದೊಡ್ಡ ಚರ್ಚೆಯಾಗಿತ್ತು. ಹಿರಿಯರಲ್ಲಿ ಒಬ್ಬರಿಗೆ ಹಲಸೂರಿನ ಸೋಮೇಶ್ವರ ದೇವಾಲಯದಲ್ಲಿ ಆಗಬೇಕೆಂಬ ಆಸೆ. ಅಲ್ಲಿಯ ಗೋಡೆಯ ಮೇಲೆ ಗಿರಿಜಾ ಕಲ್ಯಾಣವನ್ನು ಕಡೆದಿದ್ದಾರೆ. ಕಲ್ಲಿನಲ್ಲಿ ತೆಗೆದ ಮದುವೆಯ ಚಿತ್ರವೆಂದರೂ ಸಲ್ಲುತ್ತದೆ. ಆದರೆ ಅಲ್ಲಿ ಮದುವೆ ಮಾಡಿಸುವುದನ್ನು ನಿಲ್ಲಿಸಿದ್ದರು. (ವಿಚ್ಛೇದನದ ಮೊಕದ್ದಮೆಗಳಲ್ಲಿ ಅರ್ಚಕರು ನ್ಯಾಯಾಲಯಕ್ಕೆ ಅಲೆಯಬೇಕಾಗಿ ಬಂದುದೇ ಕಾರಣವೆಂದು 2025ರ ಡಿಸೆಂಬರಿನಲ್ಲಿ ಪತ್ರಿಕೆಗಳು ಬರೆದವು.) ಮಂಟಪಗಳ ಬಾಡಿಗೆ ಕೇಳಿ ಹುಡುಗಿಯ ತಂದೆ ಸುಮ್ಮನಾದರು. ಕೊನೆಗೆ ಮದುವಣಗಿತ್ತಿಯೇ, ‘ಅಜ್ಜಮ್ಮನ ತೌರಿನ ತೋಟದಲ್ಲಿ ಏಕಾಗಬಾರದು?’ ಎಂದಳಂತೆ.

ಆ ಅಜ್ಜಮ್ಮನವರಿಗೆ ಎಂಬತ್ತನಾಲ್ಕು ವರ್ಷ. ಸೊಂಟದ ಮೂಳೆ ಮುರಿದು ಒಂದು ವರ್ಷದಿಂದ ಮಂಚ ಹಿಡಿದಿದ್ದರು, ಪ್ರಯಾಣ ಸಾಧ್ಯವಿರಲಿಲ್ಲ. ಮುಂಗಡ ಕೊಡುವ ದಿನ ನಮ್ಮನ್ನು ಒಳಗೆ ಕರೆಸಿಕೊಂಡು ಅವರು ಹೇಳಿದ ಮಾತು ಇದು: ‘ಏನಪ್ಪಾ ಫೋಟೋದವರೇ, ಹುಡುಗಿ ಮುಖ ನಾನು ದಿನಾ ನೋಡ್ತೀನಿ. ನನಗೆ ತೋಟ ತೋರಿಸಿ. ಬಾವಿ, ಅಟ್ಟ, ಯಾರು ಯಾರು ಎಲ್ಲೆಲ್ಲಿ ಕೂತಿದ್ರು ಅದನ್ನ ತೋರಿಸಿ. ನನ್ನ ಧಾರೆ ಆಗಿದ್ದೂ ಅಲ್ಲೇ. ಆಗ ಫೋಟೋ ಯಾರು ತೆಗೀತಿದ್ರು?’ ಅವರ ಮದುವೆಯ ಒಂದು ಚಿತ್ರವೂ ಇರಲಿಲ್ಲ. ಇಷ್ಟು ವರ್ಷಗಳ ಕಸುಬಿನಲ್ಲಿ ನಮಗೆ ಇಂಥ ಬೇಡಿಕೆ ಬಂದದ್ದು ಅದೇ ಮೊದಲು.

ಮದುವೆ ದವನದ ಹುಣ್ಣಿಮೆಯ ಮರುದಿನ, ಏಪ್ರಿಲ್ 13ರ ಭಾನುವಾರ. ಹಿಂದಿನ ದಿನ ಅಕ್ಕಮಹಾದೇವಿಯ ಜಯಂತಿ. ನಾವೂ ನಮ್ಮ ಮಗನೂ ಬೆಳಗಿನ ನಾಲ್ಕು ಗಂಟೆಗೆ ಜೋಗುಪಾಳ್ಯ ಬಿಟ್ಟೆವು. ನೆಲಮಂಗಲದಲ್ಲಿ ಮಂಗಳೂರಿನ ಹೆದ್ದಾರಿಗೆ ಹೊರಳಿ ಕುಣಿಗಲ್ ತಲುಪುವಾಗ ಬೆಳಕು ಹರಿಯುತ್ತಿತ್ತು. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯ ಏರಿಯ ಬಳಿ ಕಾರು ನಿಲ್ಲಿಸಿ ಚಹಾ ಕುಡಿದೆವು. ಹೊಂಗೆಯ ಮರಗಳು ಹೊಸ ಚಿಗುರು ತಳೆದು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಮಾವು ಬೇವುಗಳ ಮಾತೇ ಬೇಡ. ನಗರದಲ್ಲಿ ಯುಗಾದಿಯನ್ನು ನಾವು ಪಂಚಾಂಗದಿಂದ ತಿಳಿಯುತ್ತೇವೆ. ಈ ಸೀಮೆಯಲ್ಲಿ ಅದು ಮೂಗಿಗೇ ತಿಳಿಯುತ್ತದೆ.

ಕುಣಿಗಲ್ ದಾಟಿ ಎಡೆಯೂರಿನ ದಿಕ್ಕಿಗೆ ಸಾಗಿದರೆ ಶರಣರ ಮಕ್ಕಳಿಗೆ ಕಾಲು ತಾನಾಗಿ ನಿಧಾನವಾಗುತ್ತದೆ. ತೋಂಟದ ಸಿದ್ಧಲಿಂಗ ಯತಿಗಳ ನೆಲೆ ಇದು. ಹರದನಹಳ್ಳಿಯ ಗುರುಪರಂಪರೆಯಿಂದ ಹೊರಟು ನಾಡು ಸುತ್ತಿದ ಅವರು ಸಮೀಪದ ಕಗ್ಗೆರೆಯ ಒಂದು ತೋಟದಲ್ಲಿ ಶಿವಯೋಗನಿರತರಾಗಿದ್ದರೆಂದೂ, ಅದರಿಂದಲೇ ‘ತೋಂಟದ’ ಎಂಬ ಹೆಸರು ಅವರಿಗೆ ಅಂಟಿಕೊಂಡಿತೆಂದೂ ಓದುಗರಿಗೆ ತಿಳಿದೇ ಇದೆ. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ನಮಗೆ ಬಿಟ್ಟುಹೋದ ಮಹಾನುಭಾವರು ತಮ್ಮ ಹೆಸರಿನ ಮುಂದೆ ಮಠವನ್ನೋ ಪೀಠವನ್ನೋ ಅಲ್ಲ, ಒಂದು ತೋಟವನ್ನು ಇಟ್ಟುಕೊಂಡರು. ಎಡೆಯೂರಿನ ಗದ್ದುಗೆಗೆ ಕೈಮುಗಿದು ಬರುವಷ್ಟು ಹೊತ್ತು ನಮಗಿತ್ತು. ಮದುವೆಯ ಮನೆಯವರೂ ಮೊದಲ ಲಗ್ನಪತ್ರಿಕೆಯನ್ನು ಈ ಗದ್ದುಗೆಯ ಮುಂದೆಯೇ ಇಟ್ಟಿದ್ದರಂತೆ.

ತೋಟ ಹೆದ್ದಾರಿಯಿಂದ ಒಳಗೆ, ಮಣ್ಣಿನ ದಾರಿಯ ಕೊನೆಯಲ್ಲಿ. ಶಾಮಿಯಾನವಿಲ್ಲ, ಕಮಾನಿಲ್ಲ, ತೆಂಗಿನ ಗರಿಯ ಒಂದು ಚಪ್ಪರ, ಬಾಗಿಲಿಗೆ ಬಾಳೆಯ ಕಂಬ, ಮಾವಿನ ತೋರಣ. ಧಾರೆಗೆ ಗೊತ್ತುಮಾಡಿದ್ದ ಸ್ಥಳ ಮಾತ್ರ ನಾವು ಎಣಿಸದಿದ್ದುದು: ಮನೆಗೆ ಹೊಂದಿಕೊಂಡ ಕಾಯಿ ಅಟ್ಟ.

ತುಮಕೂರು ಸೀಮೆಯವರಲ್ಲದ ಓದುಗರಿಗೆ ಈ ಅಟ್ಟದ ವಿಚಾರ ಸ್ವಲ್ಪ ಹೇಳಬೇಕು. ಈ ಕಡೆಯ ತೆಂಗು ಎಣ್ಣೆಯ ಗಾಣಕ್ಕಿಂತ ಹೆಚ್ಚಾಗಿ ಉಂಡೆ ಕೊಬ್ಬರಿಗೆ ಹೆಸರಾದುದು; ತಿಪಟೂರಿನ ಮಾರುಕಟ್ಟೆ ಅದರಿಂದಲೇ ಪ್ರಸಿದ್ಧ. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟು ಒಳಗೇ ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಗಡಗಡ ಸದ್ದಾದರೆ ಸಿದ್ಧವಾಯಿತೆಂದು ಅರ್ಥ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಈ ಕೊಬ್ಬರಿ ಆಗುವುದಿಲ್ಲ. ಗಾಳಿಯಾಡಲೆಂದು ಅಟ್ಟದ ಹಾಸನ್ನು ದಬ್ಬೆಗಳ ನಡುವೆ ಸಂದು ಬಿಟ್ಟು ಕಟ್ಟುತ್ತಾರೆ. ಮೇಲೆ ಮಂಗಳೂರು ಹೆಂಚು, ನಡುವೆ ಬೆಳಕಿಗಾಗಿ ಒಂದೆರಡು ಗಾಜಿನ ಹೆಂಚು. ಹಿಂದಿನ ವರ್ಷದ ಕೊಬ್ಬರಿ ಮಾರಿ, ಆ ಹಣವನ್ನೂ ಮದುವೆಗೆ ಕೂಡಿಸಿಕೊಂಡು, ಖಾಲಿಯಾದ ಅಟ್ಟದ ಕೆಳಗೆ ನೆಲ ಸಾರಿಸಿ ರಂಗೋಲಿ ಬಿಟ್ಟಿದ್ದರು. ಕೊಬ್ಬರಿಯ ಸಿಹಿಗಂಪು ಮಾತ್ರ ಕಂಬಕಂಬಕ್ಕೂ ಉಳಿದಿತ್ತು. ಛಾಯಾಚಿತ್ರದಲ್ಲಿ ಅದನ್ನು ಹೇಗೆ ಹಿಡಿಯುವುದು?

ನಾವು ಹೋದಾಗ ವಧೂವರರು ಪಡಸಾಲೆಯಲ್ಲಿ ಇಷ್ಟಲಿಂಗ ಪೂಜೆಗೆ ಕುಳಿತಿದ್ದರು. ವರನ ಕಡೆಯವರು ಗುಬ್ಬಿ ಸೀಮೆಯವರು. ಹುಡುಗ ಹಿಂದಿನ ರಾತ್ರಿಯೇ ಬಂದಿದ್ದ, ಬಂಧುಗಳ ಬಸ್ಸು ಇನ್ನೂ ಬಂದಿರಲಿಲ್ಲ. ಎಳೆಬಿಸಿಲು ಕಿಟಕಿಯ ಸರಳುಗಳ ನಡುವಿನಿಂದ ಬಂದು ಆ ಹುಡುಗಿಯ ಅಂಗೈಯ ಮೇಲೆ ಬಿದ್ದಿತ್ತು. ಕಸುಬಿನ ದೃಷ್ಟಿಯಿಂದ ಹೇಳುವುದಾದರೆ, ಅಂಥ ಬೆಳಕು ಹತ್ತು ವರ್ಷಕ್ಕೊಮ್ಮೆ ಸಿಕ್ಕಬಹುದು. ನಮ್ಮ ಮಗ ಕ್ಯಾಮೆರಾ ಎತ್ತಿದ. ನಾವು ಅವನ ಮೊಣಕೈ ಮುಟ್ಟಿದೆವು. ಅವನು ಕೆಳಗಿಳಿಸಿದ, ಮುಖದಲ್ಲಿ ಅಸಮಾಧಾನವಿತ್ತು. ಕರಸ್ಥಲದ ಲಿಂಗಕ್ಕೂ ಅದನ್ನು ದಿಟ್ಟಿಸುವ ಕಣ್ಣಿಗೂ ನಡುವೆ ಮೂರನೆಯದೊಂದು ಕಣ್ಣನ್ನು ನುಗ್ಗಿಸುವುದು ನಮಗೆ ಸರಿಯೆನಿಸಲಿಲ್ಲ. ಇದು ನಮ್ಮ ಅಭಿಪ್ರಾಯ. ಈಚೆಗೆ ಪೂಜೆಯ ಚಿತ್ರಗಳು ಆಲ್ಬಂಗಳಲ್ಲಿ ಧಾರಾಳವಾಗಿ ಬರುತ್ತಿರುವುದನ್ನು ಬಲ್ಲೆವು. ನಾವಿಬ್ಬರೂ ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕುಳಿತೆವು. ಬಾವಿಯ ಪಕ್ಕದ ಕಲ್ಲಿನ ತೊಟ್ಟಿಯಲ್ಲಿ ಕರುವೊಂದು ನೀರು ಕುಡಿಯುತ್ತಿತ್ತು. ಅಜ್ಜಮ್ಮನವರಿಗೆಂದು ತೆಗೆದ ಮೊದಲ ಚಿತ್ರ ಅದು.

ಬಸ್ಸು ಬರುವುದು ಒಂದೂವರೆ ಗಂಟೆ ತಡವಾಯಿತು. ಯಾರೂ ಕೂಗಾಡಲಿಲ್ಲ. ನಗರದ ಮಂಟಪದಲ್ಲಾದರೆ ಮುಂದಿನ ಬಾಡಿಗೆಯವರ ಭಯದಿಂದ ವ್ಯವಸ್ಥಾಪಕರು ಗಡಿಯಾರ ತೋರಿಸುತ್ತಿದ್ದರು. ಇಲ್ಲಿ ಹೆಂಗಸರು ಹೂ ಕಟ್ಟುತ್ತ ಕುಳಿತರು, ಗಂಡಸರು ಎಳನೀರು ಕೆತ್ತಿದರು, ಮದುವಣಗಿತ್ತಿ ರೇಷ್ಮೆ ಸೀರೆಯಲ್ಲಿಯೇ ಚಿಕ್ಕಮ್ಮನ ಮಗುವನ್ನು ಎತ್ತಿಕೊಂಡು ತೋಟವೆಲ್ಲ ತಿರುಗಿದಳು. ನಮಗೆ ಒಳ್ಳೆಯ ಚಿತ್ರಗಳು ಸಿಕ್ಕಿದ್ದು ಆ ಒಂದೂವರೆ ಗಂಟೆಯಲ್ಲಿ. ಯಾರನ್ನೂ ನಿಲ್ಲಿಸಲಿಲ್ಲ, ನಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ನಮ್ಮನ್ನು ಮರೆತುಬಿಟ್ಟರು.

ಇಂಗ್ಲೆಂಡು ಅಮೆರಿಕಗಳಲ್ಲಿ ಹಳೆಯ ಹುಲ್ಲಿನ ಕೊಟ್ಟಿಗೆಗಳನ್ನು ಗುಡಿಸಿ, ದೀಪದ ಸರ ತೂಗುಹಾಕಿ ಮದುವೆಗೆ ಬಾಡಿಗೆ ಕೊಡುವುದು ಈಗ ಒಂದು ಉದ್ಯಮವೇ ಆಗಿದೆಯೆಂದು ನಮ್ಮ ಮಗ ಹೇಳಿದ. ಬೆಂಗಳೂರಿನ ಹೊರವಲಯದಲ್ಲೂ ‘ಫಾರಂ ಹೌಸ್’ ಮದುವೆಗಳು ಹೆಚ್ಚಿವೆ. ಹಳ್ಳಿಯಂತೆ ಕಾಣಲೆಂದು ಎತ್ತಿನ ಗಾಡಿಯನ್ನು ಬಾಡಿಗೆಗೆ ತಂದು ನಿಲ್ಲಿಸುವುದನ್ನು ನಾವೇ ಕಂಡಿದ್ದೇವೆ. ಈ ತೋಟದಲ್ಲಿದ್ದುದು ಒಂದು ಹಳೆಯ ಟಿಲ್ಲರು, ಅದರ ಮೇಲೆ ಒಣಹಾಕಿದ ಟವೆಲು. ಅದೂ ಚಿತ್ರದಲ್ಲಿದೆ.

ಬಿಸಿಲಿನ ಮಾತು ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕಂಬಕ್ಕೂ ನೆರಳಿಲ್ಲದಂತಾಗುತ್ತದೆ. ಹೆಚ್ಚುಕಡಮೆ ಅದೇ ಅಕ್ಷಾಂಶದ ಈ ಸೀಮೆಯದೂ ಅದೇ ಸ್ಥಿತಿ. ಅಂಥ ಬಿಸಿಲಿನಲ್ಲಿ ಹೊರಗೆ ತೆಗೆದರೆ ಕಣ್ಣುಗಳು ಗುಳಿಬಿದ್ದಂತೆ ಕಾಣುತ್ತವೆ. ಆದರೆ ಅಟ್ಟದ ದಬ್ಬೆಗಳ ಸಂದಿನಿಂದ ಸೋಸಿ ಬರುವ ಬೆಳಕು ಮುಖಗಳ ಮೇಲೆ ಮೃದುವಾಗಿ ಹರಡಿತ್ತು; ಫ್ಲ್ಯಾಷನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ಧಾರೆ ಸರಳವಾಗಿತ್ತು. ಅಗ್ನಿಯಿಲ್ಲ. ಅಯ್ಯನವರ ಪಾದಪೂಜೆ, ವಿಭೂತಿ ರುದ್ರಾಕ್ಷಿ ಧಾರಣೆ, ವಧುವಿನ ಸೋದರತ್ತೆಯವರಿಂದ ಬಸವಣ್ಣನವರ, ಅಕ್ಕನವರ ವಚನಗಳ ಪಠಣ, ಬಳಿಕ ವಧೂವರರ ಪ್ರತಿಜ್ಞೆ. ಅಕ್ಕಿಗೆ ಬದಲಾಗಿ ಎಲ್ಲರ ಕೈಗೂ ಹೂವಿನ ಎಸಳುಗಳನ್ನು ಕೊಟ್ಟಿದ್ದರು; ಅನ್ನವನ್ನು ತುಳಿಯಬಾರದೆಂದು ಅಯ್ಯನವರ ಅಪ್ಪಣೆ.

ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಬಸ್ಸಿನ ವಿಳಂಬದಿಂದ ಹೊತ್ತು ಸರಿದು, ಗಾಜಿನ ಹೆಂಚಿನ ಬಿಸಿಲು ನೆಲದ ಮೇಲೆ ಜರುಗುತ್ತ ಮಣೆಯ ಕಡೆಗೆ ಬರುತ್ತಿತ್ತು. ನಾವು ಅದನ್ನು ಗಮನಿಸಬೇಕಾಗಿತ್ತು. ಸರಿಯಾಗಿ ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಅದು ವರನ ಬಿಳಿಯ ಪೇಟದ ಮೇಲೂ ವಧುವಿನ ಕೊರಳ ಮೇಲೂ ಬಿದ್ದಿತು. ಚಿತ್ರ ನೋಡಿದರೆ ನಡುವೆ ಒಂದು ಬಿಳಿಯ ಹೊಳಪು ಮಾತ್ರ. ಕೈಗಳೂ ಕಾಣವು, ತಾಳಿಯೂ ಕಾಣದು. ನಮ್ಮ ಮಗ ಮೆಲ್ಲಗೆ, ‘ಅಪ್ಪಾಜಿ, ಇನ್ನೊಮ್ಮೆ ಕಟ್ಟಲು ಹೇಳೋಣವೇ?’ ಎಂದ. ಮಂಟಪದಲ್ಲಿ ಎಷ್ಟೋ ಬಾರಿ ಹೇಳಿದ್ದೇವೆ, ಎಷ್ಟೋ ವರರು ಎರಡು ಸಲ ಕಟ್ಟಿದ್ದಾರೆ. ಅಂದು ಬಾಯಿ ಬರಲಿಲ್ಲ. ಹುಡುಗಿ ಆಗ ಕಣ್ಣು ಮುಚ್ಚಿದ್ದಳು, ತಂದೆ ಪಂಚೆಯ ತುದಿಯಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಬೇಡವೆಂದು ತಲೆಯಾಡಿಸಿದೆವು. ಅನಂತರ ತಂದೆಯವರಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಒಂದು ಕ್ಷಣ ಸುಮ್ಮನಿದ್ದು, ‘ಮೊದಲು ಪ್ರಸಾದಕ್ಕೆ ಏಳಿ’ ಎಂದರು. ತೆಂಗಿನ ನೆರಳಿನಲ್ಲಿ ಚಾಪೆ ಹಾಸಿ ಬಾಳೆಲೆಯ ಸಾಲು. ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಕಾಯಿಹಾಲಿನೊಡನೆ ಒಬ್ಬಟ್ಟು. ಒಬ್ಬಟ್ಟು ಚೆನ್ನಾಗಿತ್ತು, ನಮಗೇ ಗಂಟಲಿನಲ್ಲಿ ಸರಾಗವಾಗಿ ಇಳಿಯಲಿಲ್ಲ.

ಹತ್ತು ದಿನಗಳ ಮೇಲೆ ಆಲ್ಬಮ್ಮಿನ ಜೊತೆಗೆ, ಅಜ್ಜಮ್ಮನವರಿಗೆಂದೇ ಬೇರೆಯಾಗಿ 24 ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ ಒಯ್ದೆವು. ಮೊಮ್ಮಗಳು ದಿಂಬು ಎತ್ತರಿಸಿ ಕೂರಿಸಿದಳು. ಬಾವಿ, ತೊಟ್ಟಿ, ಕರು, ಚಪ್ಪರದ ಕೆಳಗೆ ಹೂ ಕಟ್ಟುವ ಹೆಂಗಸರು. ಒಂದೊಂದನ್ನೂ ಹತ್ತಿರ ಹಿಡಿದು ನೋಡಿ, ‘ಇವಳು ನಮ್ಮ ಸೋದರಮಾವನ ಮನೆಯವಳಲ್ಲವೇ, ಎಷ್ಟು ಇಳಿದುಹೋಗಿದಾಳೆ’ ಎಂದು ಗುರುತು ಹಿಡಿಯುತ್ತ ಹೋದರು. ‘ಮಗು ಪೂಜೆ ಮಾಡಿಕೊಂಡಳೇ?’ ಎಂದು ನಡುವೆ ಕೇಳಿದರು. ಮಾಡಿಕೊಂಡರು, ಚಿತ್ರ ಮಾತ್ರ ತೆಗೆಯಲಿಲ್ಲ ಎಂದೆವು. ‘ಒಳ್ಳೇದು ಮಾಡಿದ್ರಿ’ ಎಂದು ಮುಂದಿನದನ್ನು ಎತ್ತಿಕೊಂಡರು.

ಮುಂದಿನದು ಆ ಬಿಳಿಯ ಹೊಳಪಿನ ಚಿತ್ರ. ಬಚ್ಚಿಡುವುದು ಬೇಡವೆಂದು ಅದನ್ನೂ ಸೇರಿಸಿದ್ದೆವು. ಅಜ್ಜಮ್ಮನವರು ಬಹಳ ಹೊತ್ತು ನೋಡಿದರು. ‘ಇದು ಗಾಜಿನ ಹೆಂಚಿಂದ ಬಿದ್ದ ಬಿಸಿಲಲ್ವೇನಪ್ಪಾ? ಇನ್ನೂ ಇದೆಯಾ ಅದು? ನಮ್ಮಪ್ಪ ನನ್ನ ಮದುವೆ ಅಂತ ಹಾಕಿಸಿದ್ದು. ಆಗ ತೋಟಕ್ಕೆ ಕರೆಂಟು ಎಲ್ಲಿತ್ತು? ಅಟ್ಟದ ಕೆಳಗೆ ಕತ್ತಲೆ ಅಂತ ಎರಡು ಹೆಂಚು ತರಿಸಿದ್ರು. ನನ್ನ ಕಣ್ಣಿಗೂ ಹೀಗೇ ಚುಚ್ಚಿತ್ತು’ ಎಂದರು. ಆಲ್ಬಮ್ಮಿಗೆ ಹುಡುಗಿಯ ತಂದೆ ಆ ಚಿತ್ರವನ್ನು ಸೇರಿಸಿರಲಿಲ್ಲ. ಅಜ್ಜಮ್ಮನವರು ಅದಕ್ಕೂ ಕಲ್ಲಿನ ತೊಟ್ಟಿಯ ಚಿತ್ರಕ್ಕೂ ಕಟ್ಟು ಹಾಕಿಸಿಕೊಡಿರೆಂದು ಹೇಳಿ, ದಿಂಬಿನ ಕೆಳಗಿನಿಂದ ಐನೂರರ ಒಂದು ನೋಟು ತೆಗೆದು ಕೊಟ್ಟರು. ಬೇಡವೆಂದರೆ ನೊಂದಾರೆಂದು ತೆಗೆದುಕೊಂಡೆವು. ಎರಡಕ್ಕೂ ತೇಗದ ಕಟ್ಟು ಹಾಕಿಸಿ ಬಸವ ಜಯಂತಿಯ ದಿನ ಅವರ ಮಂಚದ ಎದುರಿನ ಗೋಡೆಗೆ ನಮ್ಮ ಮಗನೇ ಮೊಳೆ ಹೊಡೆದು ತೂಗುಹಾಕಿ ಬಂದ.